ಬಿ.ಇಡಿ ಮಾಡಿದರೆ ಹಾಕಿದ ದುಡ್ಡು ಮರಳಿ ಬರುತ್ತದೆಯೇ?

ಶುಲ್ಕವನ್ನಷ್ಟೇ ಲೆಕ್ಕ ಹಾಕಬೇಡಿ. ಬಿ.ಇಡಿ ಎರಡು ವರ್ಷದ ಕೋರ್ಸ್. ಈಗ ನೀವು ತಿಂಗಳಿಗೆ 15,000 ರೂಪಾಯಿ ದುಡಿಯುತ್ತಿದ್ದರೆ, ಕೆಲಸ ಬಿಟ್ಟ 24 ತಿಂಗಳಲ್ಲಿ ಕೈತಪ್ಪುವುದು 3,60,000 ರೂಪಾಯಿ. ಹಲವರ ಪಾಲಿಗೆ ನಿಜವಾದ ವೆಚ್ಚ ಇದೇ. ಆದ್ದರಿಂದ ಶುಲ್ಕವಾದರೂ ಕಡಿಮೆ ಇರುವ ಸರ್ಕಾರಿ ಕೋಟಾದ ಸೀಟಿಗೆ ಮೊದಲು ಪ್ರಯತ್ನಿಸಿ. ಸಾಲ ಮಾಡಿ ಆಡಳಿತ ಮಂಡಳಿಯ ಸೀಟು ಕೊಳ್ಳುವುದನ್ನು ನಾನು ಖಂಡಿತ ಒಪ್ಪುವುದಿಲ್ಲ.

ಸಂಪಾದನೆಯಲ್ಲಿ ಅಜಗಜಾಂತರವಿದೆ. ಕರ್ನಾಟಕದಲ್ಲಿ 7ನೇ ವೇತನ ಆಯೋಗದ ನಂತರ ಸರ್ಕಾರಿ ಪ್ರೌಢಶಾಲಾ ಶಿಕ್ಷಕರ ಆರಂಭಿಕ ಮೂಲ ವೇತನವೇ 40 ಸಾವಿರಕ್ಕಿಂತ ಹೆಚ್ಚು. ಅದೇ ಪದವಿ ಹಿಡಿದು ಅತಿಥಿ ಶಿಕ್ಷಕರಾದವರಿಗೆ ಸಿಗುವ ಗೌರವಧನ 12 ಸಾವಿರದ ಆಸುಪಾಸು, ಅದೂ ವರ್ಷವಿಡೀ ಅಲ್ಲ. ಇದು ನನಗೆ ಬಹಳ ನೋವು ಕೊಡುವ ಸಂಗತಿ. ಸಣ್ಣ ಊರುಗಳ ಖಾಸಗಿ ಶಾಲೆಗಳಲ್ಲೂ ಸಂಬಳ ಬಹುಪಾಲು ಕಡಿಮೆಯೇ.

ಸರ್ಕಾರಿ ನೇಮಕಾತಿ ಪ್ರತಿವರ್ಷ ನಡೆಯುವುದಿಲ್ಲ. 2022ರಲ್ಲಿ 6ರಿಂದ 8ನೇ ತರಗತಿಗೆ 15,000 ಹುದ್ದೆಗಳಿಗೆ ಅರ್ಜಿ ಕರೆದಾಗ ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಪಾಸಾದವರಿಗೆ ಮಾತ್ರ ಅವಕಾಶವಿತ್ತು. ಟಿಇಟಿ ಪ್ರಮಾಣಪತ್ರಕ್ಕೆ ಈಗ ಜೀವಮಾನದ ಮಾನ್ಯತೆ ಇರುವುದರಿಂದ ಓದುವಾಗಲೇ ಬರೆದು ಮುಗಿಸಿ. 1ರಿಂದ 5ನೇ ತರಗತಿಗೆ ಕಲಿಸುವ ಆಸೆಯಿದ್ದರೆ ಡಿ.ಎಲ್.ಇಡಿ (ಪ್ರಾಥಮಿಕ ಶಿಕ್ಷಕರ ಡಿಪ್ಲೊಮಾ) ಸೇರಿ, ಸುಪ್ರೀಂ ಕೋರ್ಟ್‌ನ 2023ರ ತೀರ್ಪಿನ ಪ್ರಕಾರ ಅಲ್ಲಿಗೆ ಬಿ.ಇಡಿ ಅರ್ಹತೆಯಲ್ಲ.