ಓದುಗರ ಪ್ರಶ್ನೆ: ಫ್ಯಾಂಟಸಿ ಫುಟ್‌ಬಾಲ್ ಡ್ರಾಫ್ಟಿನಲ್ಲಿ ಡಿಫೆನ್ಸ್ ಆಟಗಾರರನ್ನು ಅಳೆಯುವುದು ಹೇಗೆ?

ಅಮೆರಿಕನ್ ಫುಟ್‌ಬಾಲಿನ ಎನ್‌ಎಫ್‌ಎಲ್ ಫ್ಯಾಂಟಸಿ ಲೀಗ್‌ಗಳ (ನಿಜವಾದ ಆಟಗಾರರನ್ನು ಸರದಿಯಂತೆ ಆರಿಸಿ, ಅಂದರೆ ಡ್ರಾಫ್ಟ್ ಮಾಡಿ, ಅವರ ಸಾಧನೆಗೆ ಅಂಕ ಪಡೆಯುವ ಆಟ) ಬಗ್ಗೆ ಅಮೆರಿಕದ ಓದುಗರಿಂದ ಪ್ರಶ್ನೆಗಳು ಬಂದಿವೆ, ಬೆಂಗಳೂರಿನಿಂದಲೂ ಒಂದೆರಡಿವೆ. ಹೆಚ್ಚಿನವು ಐಡಿಪಿ (ಇಂಡಿವಿಜುವಲ್ ಡಿಫೆನ್ಸಿವ್ ಪ್ಲೇಯರ್) ಲೀಗಿನ ಕುರಿತು. ಸಾಮಾನ್ಯ ಲೀಗಿನಲ್ಲಿ ಒಂದು ತಂಡದ ಇಡೀ ಡಿಫೆನ್ಸನ್ನು ಒಂದೇ ಘಟಕವಾಗಿ ಆರಿಸುತ್ತಾರೆ. ಐಡಿಪಿಯಲ್ಲಿ ಮುಂದಿನ ಸಾಲಿನ ಡಿಫೆನ್ಸಿವ್ ಲೈನ್ ಆಟಗಾರ (ಡಿಎಲ್), ಅವರ ಹಿಂದೆ ನಿಲ್ಲುವ ಲೈನ್‌ಬ್ಯಾಕರ್, ಪಾಸ್ ಕಾಯುವ ಸೇಫ್ಟಿ, ಕಾರ್ನರ್‌ಬ್ಯಾಕ್ (ಈ ಇಬ್ಬರೂ ಡಿಫೆನ್ಸಿವ್ ಬ್ಯಾಕ್, ಅಂದರೆ ಡಿಬಿ) ಹೀಗೆ ಒಬ್ಬೊಬ್ಬರನ್ನೇ ಆರಿಸಬೇಕು.

ಪ್ರಶ್ನೆ: ನಮ್ಮ ಆಫೀಸ್ ಲೀಗಿಗೆ ಈ ವರ್ಷ ಐಡಿಪಿ ಸೇರಿಸಿದ್ದಾರೆ. ಒಂದು ಪಟ್ಟಿಯಲ್ಲಿ ಟಿ.ಜೆ. ವಾಟ್, ಮೈಲ್ಸ್ ಗ್ಯಾರೆಟ್‌ರಂಥ ಪಾಸ್ ರಶರ್‌ಗಳು (ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗುವವರು) ಮೇಲಿದ್ದಾರೆ. ಇನ್ನೊಂದರಲ್ಲಿ ನಾನು ಹೆಸರೇ ಕೇಳದ ಲೈನ್‌ಬ್ಯಾಕರ್‌ಗಳು ಮೇಲಿದ್ದಾರೆ. ಯಾವುದನ್ನು ನಂಬಲಿ? (ಎಡಿಸನ್, ನ್ಯೂಜೆರ್ಸಿ)

ನಿಮ್ಮ ಲೀಗಿನ ಅಂಕದ ನಿಯಮ ನೋಡುವ ತನಕ ಯಾವುದನ್ನೂ ನಂಬಬೇಡಿ. ಚೆಂಡು ಹಿಡಿದು ಓಡುವ ರನ್ನಿಂಗ್ ಬ್ಯಾಕ್, ಪಾಸ್ ಹಿಡಿಯುವ ರಿಸೀವರ್‌ಗಳಿಗೆ ಎಲ್ಲ ಲೀಗಿನಲ್ಲೂ ಹೆಚ್ಚುಕಡಿಮೆ ಒಂದೇ ಬಗೆಯ ಅಂಕ. ಐಡಿಪಿಯಲ್ಲಿ ಹಾಗಿಲ್ಲ. ಕ್ವಾರ್ಟರ್‌ಬ್ಯಾಕ್ ಚೆಂಡು ಎಸೆಯುವ ಮೊದಲೇ ಅವನನ್ನು ಕೆಡವುವ ಸ್ಯಾಕ್‌ಗೆ ಒಂದು ಲೀಗಿನಲ್ಲಿ 2 ಅಂಕ, ಇನ್ನೊಂದರಲ್ಲಿ 6.

2021ರ ಋತುವನ್ನೇ ತೆಗೆದುಕೊಳ್ಳಿ. ಆಗ ಅಟ್ಲಾಂಟಾ ಫಾಲ್ಕನ್ಸ್‌ನಲ್ಲಿದ್ದ ಲೈನ್‌ಬ್ಯಾಕರ್ ಫೊಯೆಸಾಡೆ ಒಲುಯೊಕುನ್ 192 ಟ್ಯಾಕಲ್ (ಚೆಂಡು ಹಿಡಿದವನನ್ನು ಕೆಡವುವುದು), 2 ಸ್ಯಾಕ್, 3 ಇಂಟರ್ಸೆಪ್ಷನ್ (ಎದುರಾಳಿಯ ಪಾಸ್ ಕಸಿಯುವುದು) ಮಾಡಿದರು. ಪಿಟ್ಸ್‌ಬರ್ಗ್ ಸ್ಟೀಲರ್ಸ್‌ನ ಟಿ.ಜೆ. ವಾಟ್ 64 ಟ್ಯಾಕಲ್ ಮತ್ತು 22.5 ಸ್ಯಾಕ್ ಮಾಡಿ, ಮೈಕಲ್ ಸ್ಟ್ರೇಹನ್ 2001ರಲ್ಲಿ ಬರೆದಿದ್ದ ದಾಖಲೆಯನ್ನು ಸರಿಗಟ್ಟಿದರು. ಲೆಕ್ಕ ಸುಲಭವಾಗಲೆಂದು ಪ್ರತಿ ಟ್ಯಾಕಲ್‌ಗೂ 1 ಅಂಕ ಇಟ್ಟುಕೊಳ್ಳೋಣ.

ಸ್ಯಾಕ್‌ಗೆ 2, ಇಂಟರ್ಸೆಪ್ಷನ್‌ಗೆ 3 ಅಂಕವಿದ್ದರೆ ಒಲುಯೊಕುನ್ 205, ವಾಟ್ 109. ದಾಖಲೆ ಮುಟ್ಟಿದವನು ಅರ್ಧದ ಹತ್ತಿರ ನಿಂತುಬಿಡುತ್ತಾನೆ. ಸ್ಯಾಕ್‌ಗೂ ಇಂಟರ್ಸೆಪ್ಷನ್‌ಗೂ 6 ಅಂಕ ಕೊಟ್ಟು ನೋಡಿ: ಒಲುಯೊಕುನ್ 222, ವಾಟ್ 199. ವಾಟ್ ಆಡಿದ್ದು 15 ಪಂದ್ಯ, ಒಲುಯೊಕುನ್ 17. ಪಂದ್ಯದ ಸರಾಸರಿ ತೆಗೆದರೆ ವಾಟ್ ಕೂದಲೆಳೆಯಷ್ಟು ಮುಂದೆ. ಆಟಗಾರರೂ ಅವರೇ, ಋತುವೂ ಅದೇ, ಪಟ್ಟಿ ಮಾತ್ರ ತಲೆಕೆಳಗು. ನೀವು ನೋಡಿದ ಎರಡೂ ಪಟ್ಟಿಗಳು ತಮ್ಮ ತಮ್ಮ ನಿಯಮಕ್ಕೆ ಸರಿಯೇ ಇರಬಹುದು.

ನಿಯಮ ಓದುವಾಗ ಇನ್ನೊಂದು ಅಂಶದ ಮೇಲೆ ಕಣ್ಣಿಡಿ, ಹೊಸಬರು ಎಡವುವುದು ಇಲ್ಲೇ. ಒಬ್ಬನೇ ಮಾಡಿದ ಸ್ಯಾಕ್ ದಾಖಲೆಯಲ್ಲಿ ಸ್ಯಾಕ್ ಮಾತ್ರವಲ್ಲ. ಅದು ಸೋಲೊ ಟ್ಯಾಕಲ್ ಹೌದು, ನಷ್ಟಕ್ಕೆ ಕೆಡವಿದ ಟ್ಯಾಕಲ್ ಹೌದು, ಕ್ವಾರ್ಟರ್‌ಬ್ಯಾಕ್ ಹಿಟ್ ಕೂಡ ಹೌದು. ಸ್ಯಾಕ್‌ಗೆ 4, ಉಳಿದ ಮೂರಕ್ಕೂ ಒಂದೊಂದು ಅಂಕ ಇಟ್ಟಿರುವ ಲೀಗಿನಲ್ಲಿ ಆ ಒಂದು ಸ್ಯಾಕ್ 7 ಅಂಕ ತರುತ್ತದೆ. ಹಾಗಾಗಿ ‘ನಮ್ಮಲ್ಲಿ ಸ್ಯಾಕ್‌ಗೆ ಬರೀ 4’ ಎಂದು ಪಾಸ್ ರಶರ್‌ಗಳನ್ನು ಕೆಳಗಿಳಿಸುವ ಮುನ್ನ ಈ ಮೂರು ಸಾಲುಗಳು ನಿಯಮದಲ್ಲಿವೆಯೇ ಎಂದು ನೋಡಿಕೊಳ್ಳಿ.

ಪ್ರಶ್ನೆ: ಟ್ಯಾಕಲ್‌ಗೆ ಹೆಚ್ಚು ಬೆಲೆ ಇರುವ ಲೀಗ್ ನಮ್ಮದು. ಲೈನ್‌ಬ್ಯಾಕರ್‌ಗಳ ಸ್ವಂತ ಪಟ್ಟಿ ಮಾಡಬೇಕೆಂದಿದ್ದೇನೆ. ಕಳೆದ ವರ್ಷದ ಟ್ಯಾಕಲ್ ಲೆಕ್ಕ ಇಟ್ಟುಕೊಂಡರೆ ಸಾಕೆ? (ಪ್ಲೇನೋ, ಟೆಕ್ಸಸ್)

ಸಾಲದು. ಟ್ಯಾಕಲ್ ಸಂಖ್ಯೆ ಫಲ, ಅದರ ಬೇರು ಸ್ನ್ಯಾಪ್‌ಗಳಲ್ಲಿದೆ (ಚೆಂಡು ಆಟಕ್ಕಿಳಿಯುವ ಒಂದೊಂದು ಸಲವೂ ಒಂದು ಸ್ನ್ಯಾಪ್). ಮೈದಾನದಲ್ಲಿ ಇಲ್ಲದವನು ಯಾರನ್ನೂ ಕೆಡವಲಾರ.

ಲೆಕ್ಕ ಹೀಗೆ ಮಾಡಿ. ಒಂದು ಡಿಫೆನ್ಸ್ ಪಂದ್ಯಕ್ಕೆ ಸುಮಾರು 62 ಸ್ನ್ಯಾಪ್ ಆಡುತ್ತದೆ ಎನ್ನಿ, 17 ಪಂದ್ಯಕ್ಕೆ 1054. ಅದರಲ್ಲಿ ನೂರಕ್ಕೆ 95ರಷ್ಟು ಮೈದಾನದಲ್ಲಿರುವ ಲೈನ್‌ಬ್ಯಾಕರ್‌ಗೆ ಸಾವಿರ ಸ್ನ್ಯಾಪ್ ಸಿಗುತ್ತದೆ. ಪೂರ್ಣಾವಧಿ ಲೈನ್‌ಬ್ಯಾಕರ್ ನೂರು ಸ್ನ್ಯಾಪಿಗೆ 11ರಿಂದ 14 ಟ್ಯಾಕಲ್ ಮಾಡುವುದು ಸಾಮಾನ್ಯ. 12 ಎಂದುಕೊಂಡರೆ 120 ಟ್ಯಾಕಲ್. ಅದೇ ಕೈಚಳಕದ ಇನ್ನೊಬ್ಬ ನೂರಕ್ಕೆ 65ರಷ್ಟು ಸ್ನ್ಯಾಪ್ ಮಾತ್ರ ಆಡಿದರೆ 82ಕ್ಕೆ ನಿಲ್ಲುತ್ತಾನೆ. ಆದ್ದರಿಂದ ಹಾಳೆಯ ಮೊದಲ ಕಾಲಮ್ಮಿನಲ್ಲಿ ಈ ವರ್ಷ ನಿರೀಕ್ಷಿಸುವ ಸ್ನ್ಯಾಪ್ ಪಾಲು ಇರಲಿ, ಎರಡನೆಯದರಲ್ಲಿ ನೂರು ಸ್ನ್ಯಾಪಿನ ಟ್ಯಾಕಲ್ ದರ. ಪಾಲಿನಿಂದ ಸ್ನ್ಯಾಪ್ ಸಂಖ್ಯೆ ತೆಗೆದು, ದರದಿಂದ ಗುಣಿಸಿ ನೂರರಿಂದ ಭಾಗಿಸಿದರೆ ನಿಮ್ಮ ಅಂದಾಜು ಸಿದ್ಧ. ಕಳೆದ ವರ್ಷ ಒಬ್ಬನ ದರ 16 ದಾಟಿದ್ದರೆ ಅದನ್ನು ಹಾಗೇ ಬರೆದುಕೊಳ್ಳಬೇಡಿ, 14ರ ಆಸುಪಾಸಿಗೆ ಎಳೆಯಿರಿ. ಅಷ್ಟು ಎತ್ತರದ ದರ ಮರುವರ್ಷ ಇಳಿಯುವುದೇ ಹೆಚ್ಚು. ಗಾಯದ ಭಯವಿದ್ದವನಿಗೆ 17ರ ಬದಲು 14 ಪಂದ್ಯ ಹಿಡಿಯಿರಿ.

ಸ್ನ್ಯಾಪ್ ಪಾಲನ್ನು ಮೊದಲೇ ಊಹಿಸುವುದು ಹೇಗೆ? ಇಂದಿನ ಎನ್‌ಎಫ್‌ಎಲ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಸ್ನ್ಯಾಪ್‌ಗಳಲ್ಲಿ ಐದು ಡಿಫೆನ್ಸಿವ್ ಬ್ಯಾಕ್‌ಗಳಿರುತ್ತಾರೆ. ಅದನ್ನೇ ನಿಕಲ್ ಎನ್ನುತ್ತಾರೆ. ಐದನೆಯವನು ಒಳಗೆ ಬಂದಾಗ ಒಬ್ಬ ಲೈನ್‌ಬ್ಯಾಕರ್ ಹೊರಗೆ ಹೋಗಬೇಕು. ಹೋಗುವವನು ಯಾರೆಂಬುದೇ ನಿಮಗೆ ಬೇಕಾದ ಮಾಹಿತಿ. ಡೆಪ್ತ್ ಚಾರ್ಟಿನಲ್ಲಿ (ಯಾವ ಸ್ಥಾನಕ್ಕೆ ಯಾರು ಎಂಬ ತಂಡದ ಪಟ್ಟಿ) ಮೂವರು ಲೈನ್‌ಬ್ಯಾಕರ್‌ಗಳೂ ಆರಂಭಿಕ ಆಟಗಾರರೆಂದೇ ಕಾಣುತ್ತಾರೆ, ಮೂರನೆಯವನು ಪಂದ್ಯಕ್ಕೆ ಇಪ್ಪತ್ತು ಸ್ನ್ಯಾಪ್ ಆಡಿ ಬೆಂಚಿನಲ್ಲಿ ಕೂತಿರುತ್ತಾನೆ. ಆಗಸ್ಟಿನ ಪ್ರೀಸೀಸನ್ ಪಂದ್ಯಗಳಲ್ಲಿ ಮೊದಲ ತಂಡ ಆಡುವ ಒಂದೆರಡು ಸರಣಿಗಳನ್ನು ಮಾತ್ರ ನೋಡಿ. ಥರ್ಡ್ ಡೌನ್‌ನಲ್ಲಿ (ಮೂರನೇ ಯತ್ನದಲ್ಲಿ) ಯಾರು ಉಳಿದರು, ಅಷ್ಟು ಸಾಕು. ಪಂದ್ಯದ ಉಳಿದ ಭಾಗ ಈ ಕೆಲಸಕ್ಕೆ ಬೇಡ.

ಹೆಲ್ಮೆಟ್ ಹಿಂದಿನ ಹಸಿರು ಚುಕ್ಕಿಯನ್ನೂ ಗಮನಿಸಿ. ಕೋಚ್ ಹೇಳುವ ಆಟ ಕಿವಿಗೆ ಬೀಳುವ ರೇಡಿಯೊ ಆ ಹೆಲ್ಮೆಟ್ಟಿನಲ್ಲಿದೆ. ಡಿಫೆನ್ಸಿಗೆ ಈ ಸೌಲಭ್ಯ ಬಂದದ್ದು 2008ರಲ್ಲಿ. ಮೈದಾನದಲ್ಲಿ ಒಂದು ಹೊತ್ತಿಗೆ ಒಬ್ಬನಿಗೆ ಮಾತ್ರ ಅದು ಇರಬಹುದಾದ್ದರಿಂದ ಕೋಚ್‌ಗಳು ಎಂದೂ ಹೊರಗೆ ಬಾರದವನಿಗೇ ಕೊಡುತ್ತಾರೆ. ಕೆಲವು ತಂಡಗಳಲ್ಲಿ ಅದು ಸೇಫ್ಟಿಯ ಬಳಿ ಇರುತ್ತದೆ, ಆಗ ಲೈನ್‌ಬ್ಯಾಕರ್‌ಗಳ ಬಗ್ಗೆ ಇದರಿಂದ ಏನೂ ತಿಳಿಯದು. ಕ್ಯಾಂಪಿನಿಂದ ‘ಹಸಿರು ಚುಕ್ಕಿ ಈ ಸಲ ಇಂಥವನಿಗೆ’ ಎಂಬ ಸುದ್ದಿ ಬಂದರೆ ಆ ಹೆಸರನ್ನು ಪಟ್ಟಿಯಲ್ಲಿ ಹತ್ತು ಸ್ಥಾನ ಮೇಲೆತ್ತಲು ಹಿಂಜರಿಯಬೇಡಿ.

ವಯಸ್ಸಿಗೆ ಬೆದರುವುದೂ ಬೇಡ. ಬಾಬಿ ವ್ಯಾಗ್ನರ್ 2023ರಲ್ಲಿ 33ರ ವಯಸ್ಸಿನಲ್ಲಿ ಸಿಯಾಟಲ್ ಪರ 183 ಟ್ಯಾಕಲ್ ಮಾಡಿ ಇಡೀ ಎನ್‌ಎಫ್‌ಎಲ್‌ಗೆ ಮೊದಲಿಗರಾದರು. ಹೆಸರು ಹಳೆಯದಾಯಿತೆಂದು ಡ್ರಾಫ್ಟಿನಲ್ಲಿ ಇಂಥವರು ತಡವಾಗಿ ಸಿಗುತ್ತಾರೆ. ನಮ್ಮ ಮಟ್ಟಿಗೆ ಐಡಿಪಿಯಲ್ಲಿ ಅತಿ ಅಗ್ಗದ ಲಾಭ ಇದೇ.

ಪ್ರಶ್ನೆ: ಡಿಫೆನ್ಸಿವ್ ಎಂಡ್ (ಲೈನಿನ ಅಂಚಿನ ಆಟಗಾರ) ಆರಿಸುವಾಗ ಸ್ಯಾಕ್ ಬಿಟ್ಟು ಬೇರೇನು ನೋಡಬೇಕು? (ಸನ್ನಿವೇಲ್, ಕ್ಯಾಲಿಫೋರ್ನಿಯಾ)

ಟ್ಯಾಕಲ್ ತಳಪಾಯ. 2024ರಲ್ಲಿ ಸಿನ್ಸಿನಾಟಿಯ ಟ್ರೇ ಹೆಂಡ್ರಿಕ್ಸನ್ 17.5 ಸ್ಯಾಕ್ ಮಾಡಿ ಲೀಗಿಗೇ ಮೊದಲಿಗರು, ಟ್ಯಾಕಲ್ 46. ಅದಕ್ಕೂ ಹಿಂದಿನ ವರ್ಷ ಲಾಸ್ ವೇಗಸ್ ಪರ ಮ್ಯಾಕ್ಸ್ ಕ್ರಾಸ್ಬಿ 14.5 ಸ್ಯಾಕ್, 90 ಟ್ಯಾಕಲ್. ಟ್ಯಾಕಲ್‌ಗೆ 1, ಸ್ಯಾಕ್‌ಗೆ 4 ಇಟ್ಟರೆ ಹೆಂಡ್ರಿಕ್ಸನ್ 116, ಕ್ರಾಸ್ಬಿ 148. ಮೂರು ಸ್ಯಾಕ್ ಕಡಿಮೆ ಮಾಡಿದವನು 32 ಅಂಕ ಮುಂದೆ! ಕ್ರಾಸ್ಬಿ ಬಹುಪಾಲು ಪಂದ್ಯಗಳಲ್ಲಿ ಹೊರಗೆ ಬರುವುದೇ ಇಲ್ಲ, ಓಟದ ಆಟವನ್ನೂ ತಡೆಯುತ್ತಾರೆ. ಸ್ಯಾಕ್ ಸಿಗದ ವಾರದಲ್ಲೂ ಅವರು ನಾಲ್ಕೈದು ಅಂಕ ತರುತ್ತಾರೆ. ಸ್ಯಾಕ್ ಒಂದನ್ನೇ ನಂಬಿದವನು ಅಂಥ ವಾರ ನಿಮಗೆ ಒಂದೇ ಅಂಕ ಕೊಟ್ಟು ಮಲಗಿಸುತ್ತಾನೆ.

ಮುಂದಿನ ವರ್ಷದ ಸ್ಯಾಕ್ ಊಹಿಸಲು ಕಳೆದ ವರ್ಷದ ಪ್ರೆಶರ್ ಲೆಕ್ಕ ಹೆಚ್ಚು ನಂಬಿಕಸ್ತ. ಕ್ವಾರ್ಟರ್‌ಬ್ಯಾಕನ್ನು ಸುಮಾರು ಆರು ಸಲ ಒತ್ತಡಕ್ಕೆ ಸಿಲುಕಿಸಿದರೆ ಒಂದು ಸ್ಯಾಕ್ ಎಂಬುದು ಒರಟು ಲೆಕ್ಕ. 70 ಪ್ರೆಶರ್ ತಂದೂ 7 ಸ್ಯಾಕ್ ಮಾತ್ರ ಪಡೆದವನು ಈ ವರ್ಷ ಏರುವ ಸಂಭವ ಹೆಚ್ಚು. 40 ಪ್ರೆಶರ್‌ನಲ್ಲಿ 12 ಸ್ಯಾಕ್ ಕಂಡವನಿಗೆ ಹೋದ ವರ್ಷ ಅದೃಷ್ಟ ಒಲಿದಿತ್ತು.

ಪ್ರಶ್ನೆ: ಒಬ್ಬನೇ ಆಟಗಾರ ಒಂದು ಆ್ಯಪಿನಲ್ಲಿ ಲೈನ್‌ಬ್ಯಾಕರ್, ಇನ್ನೊಂದರಲ್ಲಿ ಡಿಫೆನ್ಸಿವ್ ಲೈನ್. ಇದರಿಂದ ರ‍್ಯಾಂಕ್ ಬದಲಾಗುತ್ತದೆಯೇ? (ನೇಪರ್ವಿಲ್, ಇಲಿನಾಯ್)

ಬಹಳ ಬದಲಾಗುತ್ತದೆ. ಮೂವರು ಲೈನ್‌ಮನ್, ನಾಲ್ವರು ಲೈನ್‌ಬ್ಯಾಕರ್‌ಗಳನ್ನು ನಿಲ್ಲಿಸುವ ತಂಡಗಳಲ್ಲಿ ಅಂಚಿನಿಂದ ನುಗ್ಗುವವನು ಹೆಸರಿಗೆ ಲೈನ್‌ಬ್ಯಾಕರ್, ಕೆಲಸ ಮಾತ್ರ ಡಿಫೆನ್ಸಿವ್ ಎಂಡಿನದು. ವಾಟ್ ಹೀಗೆ. ಡಲ್ಲಾಸ್ 2021ರಲ್ಲಿ ಲೈನ್‌ಬ್ಯಾಕರ್ ಎಂದೇ ಆರಿಸಿದ ಮೈಕಾ ಪಾರ್ಸನ್ಸ್ ಮುಂದೆ ಅಂಚಿಗೆ ಸರಿದರು. ಲೈನ್‌ಬ್ಯಾಕರ್ ಎಂದು ನಮೂದಾದರೆ 60–70 ಟ್ಯಾಕಲ್ ಮಾಡುವವನು 130 ಟ್ಯಾಕಲ್ ಮಾಡುವವರ ಜೊತೆ ಸ್ಪರ್ಧಿಸಬೇಕು. ಡಿಎಲ್ ಎಂದಾದರೆ ಅವನೇ ಆ ಸ್ಥಾನದ ರಾಜ. ನಿಮ್ಮ ಲೀಗ್ ಇರುವ ಆ್ಯಪಿನಲ್ಲಿ ಡ್ರಾಫ್ಟಿನ ಹಿಂದಿನ ದಿನ ಪ್ರತಿ ಹೆಸರಿನ ಮುಂದಿನ ಸ್ಥಾನ ನೋಡಿ ಪಟ್ಟಿ ತಿದ್ದಿಕೊಳ್ಳಿ, ಆಗಸ್ಟಿನಲ್ಲೂ ಅದು ಬದಲಾಗುತ್ತಿರುತ್ತದೆ. ಎರಡೂ ಸ್ಥಾನ ಕೊಟ್ಟಿದ್ದರೆ ಡಿಎಲ್ ಜಾಗದಲ್ಲೇ ಆಡಿಸಿ.

ಪ್ರಶ್ನೆ: ಎಷ್ಟನೇ ಸುತ್ತಿನಲ್ಲಿ ಮೊದಲ ಡಿಫೆನ್ಸ್ ಆಟಗಾರನನ್ನು ಎತ್ತಬೇಕು? 12 ತಂಡ, 3 ಲೈನ್‌ಬ್ಯಾಕರ್, 2 ಡಿಎಲ್, 2 ಡಿಬಿ. (ಮಿಲ್ಪಿಟಾಸ್, ಕ್ಯಾಲಿಫೋರ್ನಿಯಾ)

ಸುತ್ತಿನ ಸಂಖ್ಯೆಗಿಂತ ಮೊದಲು ಅಂತರ ಅಳೆಯಿರಿ. ನಿಮ್ಮ ಲೀಗಿನಲ್ಲಿ ವಾರಕ್ಕೆ 36 ಲೈನ್‌ಬ್ಯಾಕರ್, 24 ಡಿಎಲ್, 24 ಡಿಬಿ ಆಡುತ್ತಾರೆ. 37ನೇ ಲೈನ್‌ಬ್ಯಾಕರ್, 25ನೇ ಡಿಎಲ್, 25ನೇ ಡಿಬಿ ವೇವರ್‌ನಲ್ಲಿ (ಯಾರೂ ಆರಿಸದೆ ಉಳಿದವರ ಪಟ್ಟಿಯಲ್ಲಿ) ಪುಕ್ಕಟೆ ಸಿಗುವವರು. ಅವರ ಅಂದಾಜು ಅಂಕವನ್ನು ಉಳಿದವರ ಅಂಕದಿಂದ ಕಳೆಯಿರಿ. ಉದಾಹರಣೆಗೆ, ನಿಮ್ಮ ಅಂದಾಜಿನಲ್ಲಿ ಮೊದಲ ಲೈನ್‌ಬ್ಯಾಕರ್ 240, 37ನೆಯವನು 150 ಇದ್ದರೆ ಅಂತರ 90. ಮೊದಲ ಡಿಎಲ್ 200, 25ನೆಯವನು 95 ಇದ್ದರೆ 105. ಡಿಬಿಯಲ್ಲಿ 180 ಮತ್ತು 135 ಇದ್ದರೆ 45. ಒಟ್ಟು ಅಂಕದಲ್ಲಿ ಲೈನ್‌ಬ್ಯಾಕರ್ ಮುಂದಿದ್ದರೂ ಮೊದಲು ಎತ್ತಬೇಕಾದವನು ಆ ಡಿಎಲ್.

ಇದೇ ಅಂತರವನ್ನು ರಿಸೀವರ್‌ಗಳದ್ದರ ಜೊತೆ ಹೋಲಿಸಿದರೆ ಸುತ್ತು ತಾನೇ ತಿಳಿಯುತ್ತದೆ. ಸಮತೂಕದ ನಿಯಮದ ಲೀಗಿನಲ್ಲಿ ಮೊದಲ ಐಡಿಪಿ ಏಳರಿಂದ ಒಂಬತ್ತನೇ ಸುತ್ತಿನಲ್ಲಿ ಹೋಗುವುದನ್ನು ಕಾಣುತ್ತೀರಿ. ಒಬ್ಬ ಶುರುಮಾಡಿದ ಕೂಡಲೇ ಎಲ್ಲರೂ ಮುಗಿಬೀಳುತ್ತಾರೆ. ಆಗ ಹೆಸರಿನ ಹಿಂದೆ ಓಡದೆ, ಪಟ್ಟಿಯಲ್ಲಿ ಎಲ್ಲೆಲ್ಲಿ ಅಂಕ ದಿಢೀರನೆ ಇಳಿಯುತ್ತದೋ ಅಲ್ಲಿ ಮೊದಲೇ ಗೆರೆ ಎಳೆದಿಡಿ. ಗೆರೆಯ ಮೇಲೆ ಐದು ಜನ ಉಳಿದಿದ್ದರೆ ಒಂದು ಸುತ್ತು ಕಾಯಬಹುದು, ಒಬ್ಬನೇ ಇದ್ದರೆ ಈಗಲೇ ಎತ್ತಿ.

ಪ್ರಶ್ನೆ: ಡಿಬಿಗಳಲ್ಲಿ ಹೆಚ್ಚು ಇಂಟರ್ಸೆಪ್ಷನ್ ಮಾಡಿದವರನ್ನು ಆರಿಸುವುದೇ ಸರಿಯಲ್ಲವೇ? (ಬೆಂಗಳೂರು)

ಅಲ್ಲ. ಡಲ್ಲಾಸ್‌ನ ಟ್ರೆವಾನ್ ಡಿಗ್ಸ್ 2021ರಲ್ಲಿ 11 ಇಂಟರ್ಸೆಪ್ಷನ್ ಮಾಡಿದರು, 2022ರಲ್ಲಿ 3. ಇಂಟರ್ಸೆಪ್ಷನ್ ವರ್ಷದಿಂದ ವರ್ಷಕ್ಕೆ ನಿಲ್ಲುವ ಅಂಕಿಯಲ್ಲ, ಟ್ಯಾಕಲ್ ನಿಲ್ಲುತ್ತದೆ. ಲೈನಿನ ಹತ್ತಿರ ನಿಲ್ಲುವ ಸೇಫ್ಟಿಯನ್ನು ಹುಡುಕಿ. 2024ರಲ್ಲಿ ಅರಿಜೋನಾದ ಬುಡ್ಡಾ ಬೇಕರ್ ಸೇಫ್ಟಿಯಾಗಿಯೂ 164 ಟ್ಯಾಕಲ್ ಮಾಡಿದರು, ಬಹುತೇಕ ಲೈನ್‌ಬ್ಯಾಕರ್‌ಗಳಿಗೂ ಅದು ಎಟುಕದ ಸಂಖ್ಯೆ. ಹಿಂದೆ ಆಳದಲ್ಲಿ ಕಾವಲಿರುವ ಸೇಫ್ಟಿ ತನ್ನ ತಂಡಕ್ಕೆ ಎಷ್ಟೇ ಅಮೂಲ್ಯನಾದರೂ ನಿಮಗೆ ಅಂಕ ತರುವುದಿಲ್ಲ.

ಕಾರ್ನರ್‌ಬ್ಯಾಕ್ ಕಡ್ಡಾಯವಾದ ಲೀಗಾದರೆ ಹೊಸಬರನ್ನು ನೋಡಿ. ಕ್ವಾರ್ಟರ್‌ಬ್ಯಾಕ್‌ಗಳು ಹೊಸ ಕಾರ್ನರ್‌ನ ಕಡೆಗೇ ಚೆಂಡು ಎಸೆದು ಪರೀಕ್ಷಿಸುತ್ತಾರೆ. ಆಗ ನ್ಯೂಯಾರ್ಕ್ ಜೆಟ್ಸ್‌ನಲ್ಲಿದ್ದ ಸಾಸ್ ಗಾರ್ಡ್ನರ್ 2022ರ ಮೊದಲ ಋತುವಿನಲ್ಲಿ 75 ಟ್ಯಾಕಲ್ ಮಾಡಿ 20 ಪಾಸ್ ತಡೆದರು. ಮರುವರ್ಷ ಕ್ವಾರ್ಟರ್‌ಬ್ಯಾಕ್‌ಗಳು ಅವರ ಕಡೆ ಎಸೆಯಲು ಹೆದರಿದರು: 57 ಟ್ಯಾಕಲ್, 11 ಪಾಸ್. ಆಟ ಕೆಟ್ಟಿರಲಿಲ್ಲ, ಕೀರ್ತಿ ಬೆಳೆದಿತ್ತು. ಫ್ಯಾಂಟಸಿಯಲ್ಲಿ ಶ್ರೇಷ್ಠ ಕಾರ್ನರ್‌ಗಿಂತ ಅವನ ಎದುರು ಬದಿಯಲ್ಲಿ ನಿಂತವನು ಹೆಚ್ಚು ಅಂಕ ತರುವುದು ಇದೇ ಕಾರಣಕ್ಕೆ.

ಪ್ರಶ್ನೆ: ಸೋಮವಾರ ಗೆದ್ದಿದ್ದೆ, ವಾರದ ನಡುವೆ ನೋಡಿದರೆ ಅರ್ಧ ಅಂಕದಿಂದ ಸೋತಿದ್ದೆ. ಹೀಗಾಗುವುದುಂಟೇ? (ಕ್ಯಾರಿ, ನಾರ್ತ್ ಕೆರೊಲಿನಾ)

ಉಂಟು. ಟ್ಯಾಕಲ್ ಮತ್ತು ಅಸಿಸ್ಟ್ (ಟ್ಯಾಕಲ್‌ಗೆ ಕೊಟ್ಟ ನೆರವು) ದಾಖಲಿಸುವುದು ಪಂದ್ಯ ನಡೆದ ಕ್ರೀಡಾಂಗಣದ ಸಿಬ್ಬಂದಿ. ಮೂವರು ಸೇರಿ ಕೆಡವಿದಾಗ ಅಸಿಸ್ಟ್ ಯಾರಿಗೆ ಎಂಬುದರಲ್ಲಿ ಅವರ ಕಣ್ಣಂದಾಜು ಇದ್ದೇ ಇದೆ, ಒಂದೊಂದು ಊರಿನ ಕೈ ಒಂದೊಂದು ಥರ. ಆಮೇಲೆ ವಿಡಿಯೊ ನೋಡಿ ತಿದ್ದುತ್ತಾರೆ. ಅಸಿಸ್ಟ್‌ಗೂ ಸೋಲೊ ಟ್ಯಾಕಲ್‌ನಷ್ಟೇ ಅಂಕ ಕೊಡುವ ಲೀಗಿನಲ್ಲಿ ಇದರ ಏಟು ಜೋರು. ಸೋಲೊಗೆ ಕೊಡುವುದರ ಅರ್ಧ ಇಡಿ ಎಂದು ಲೀಗ್ ನಡೆಸುವ ಕಮಿಷನರ್‌ಗೆ ಹೇಳಿ.

ಪ್ರಶ್ನೆ: ಬೆಂಗಳೂರಿನಿಂದ ಅಮೆರಿಕದ ಸಹೋದ್ಯೋಗಿಗಳ ಲೀಗ್ ಆಡುತ್ತೇನೆ. ಭಾನುವಾರ ತಂಡವನ್ನು ಎಷ್ಟು ಹೊತ್ತಿಗೆ ಅಂತಿಮಗೊಳಿಸಬೇಕು?

ಪೂರ್ವ ಅಮೆರಿಕದ ಮಧ್ಯಾಹ್ನ 1ರ ಪಂದ್ಯಗಳು ನಮಗೆ ರಾತ್ರಿ 10.30ಕ್ಕೆ, ನವೆಂಬರಿನ ಮೊದಲ ಭಾನುವಾರದಿಂದ 11.30ಕ್ಕೆ. ಆಡದವರ ಪಟ್ಟಿ 90 ನಿಮಿಷ ಮೊದಲು ಬರುತ್ತದೆ, ಅಂದರೆ ರಾತ್ರಿ 9ಕ್ಕೆ, ಆಮೇಲೆ 10ಕ್ಕೆ. ಗುರುವಾರದ ಪಂದ್ಯ ನಮಗೆ ಶುಕ್ರವಾರ ಬೆಳಗಿನ ಜಾವ, ಆದ್ದರಿಂದ ಅದರಲ್ಲಿ ಆಡುವವರನ್ನು ಗುರುವಾರ ಮಲಗುವ ಮೊದಲೇ ನಿರ್ಧರಿಸಿ. ಅಂಥವರನ್ನು ಫ್ಲೆಕ್ಸ್ ಜಾಗದಲ್ಲಿ (ಹಲವು ಸ್ಥಾನದವರಿಗೆ ತೆರೆದ ಜಾಗ) ಇಡಬೇಡಿ, ಅವರದೇ ಸ್ಥಾನದಲ್ಲಿ ಇಡಿ. ಭಾನುವಾರ ಯಾರಾದರೂ ಕೈಕೊಟ್ಟರೆ ಬೇರೆ ಸ್ಥಾನದವನನ್ನು ಹಾಕಲು ಫ್ಲೆಕ್ಸ್ ಖಾಲಿ ಇರಬೇಕು.