ಬ್ರಿಟನ್‌ನಲ್ಲಿ ಜನ ಬೇಸತ್ತ ಸರ್ಕಾರ ಚುನಾವಣೆಯನ್ನು ಯಾವಾಗ ಕರೆಯುತ್ತದೆ?

ನೀವು ಕೇಳಿರುವುದು ಎರಡು ಮಾತು. ಲೇಬರ್ ಸರ್ಕಾರದ ಮೇಲೆ ಜನಕ್ಕೆ ಇಷ್ಟು ಬೇಸರ ಇದ್ದರೂ ಚುನಾವಣೆ ಯಾಕೆ ಬರುತ್ತಿಲ್ಲ? ಬಂದರೆ ಯಾವಾಗ? ಓದಲು ಲೀಸೆಸ್ಟರ್‌ಗೆ ಬಂದಿದ್ದೀರಿ ಅಂತಲೂ ಬರೆದಿದ್ದೀರಿ. ಅದಕ್ಕೆ ಸಂಬಂಧಪಟ್ಟ ಒಂದು ವಿಷಯ ಕೊನೆಯಲ್ಲಿ ಹೇಳುತ್ತೇನೆ. ನಾನು ಇಲ್ಲೇ ಇಂಗ್ಲೆಂಡಿನಲ್ಲಿ ಸಂಸಾರ ಹೂಡಿರುವವನು, ಇಲ್ಲಿನ ರಾಜಕೀಯವನ್ನು ಆಸಕ್ತಿಯಿಂದ ನೋಡುತ್ತಾ ಬಂದವನು. ನನ್ನ ಊಹೆ 2029ರ ಮೇ ತಿಂಗಳು. ಅದಕ್ಕೂ ಮುಂಚೆ ಬಂದರೆ, ಪಕ್ಷದ ಒಳಗೇ ಏನೋ ದೊಡ್ಡದು ನಡೆದಿದೆ ಅಂತ ತಿಳಿಯಿರಿ.

ಮೊದಲು ನಿಯಮ. ನಮ್ಮಲ್ಲಿ ದಿನಾಂಕ ಹೇಳುವುದು ಚುನಾವಣಾ ಆಯೋಗ. ಇಲ್ಲಿ ಪ್ರಧಾನಿ. 2011ರಲ್ಲಿ ಅವಧಿ ಗೊತ್ತುಮಾಡುವ ಕಾನೂನೊಂದು ಬಂದಿತ್ತು, 2022ರಲ್ಲಿ ಅದನ್ನು ರದ್ದು ಮಾಡಿದರು. ಈಗ ಪ್ರಧಾನಿ ರಾಜನ ಬಳಿ ಹೋಗಿ ಕೇಳಿದರೆ ಸಂಸತ್ತು ವಿಸರ್ಜನೆ ಆಗುತ್ತದೆ. ಕೇಳದೇ ಸುಮ್ನೆ ಕೂತರೂ ಐದು ವರ್ಷಕ್ಕೆ ಅದು ತಾನಾಗಿಯೇ ಮುಗಿಯುತ್ತದೆ. ಈ ಸಂಸತ್ತು ಮೊದಲು ಸೇರಿದ್ದು 2024ರ ಜುಲೈ 9ರಂದು. ಅಂದರೆ 2029ರ ಜುಲೈ 9 ಕೊನೆಯ ಗಡುವು. ಅಲ್ಲಿಂದ ಮುಂದೆ ಪ್ರಚಾರದ ದಿನ ಸೇರಿಸಿದರೆ ಮತದಾನ ಆಗಸ್ಟ್ ಮಧ್ಯಕ್ಕೆ ಬರುತ್ತದೆ. ಆಗ ಇಲ್ಲಿ ಶಾಲೆಗಳಿಗೆ ರಜೆ, ಅರ್ಧ ದೇಶ ಸಮುದ್ರ ತೀರದಲ್ಲಿ ಇರುತ್ತದೆ. ಯಾವ ಪಕ್ಷವೂ ಆ ದಿನ ಇಟ್ಟುಕೊಳ್ಳುವುದಿಲ್ಲ.

ಸಮೀಕ್ಷೆ ನೋಡಿ ದಿನಾಂಕ ಊಹಿಸುವವರು ಜಾಸ್ತಿ. ಸಮೀಕ್ಷೆ ಕೆಟ್ಟದಾಗಿದ್ದಷ್ಟೂ ಚುನಾವಣೆ ಹತ್ತಿರ ಅಂತ ಅವರ ಲೆಕ್ಕ. ನಡೆಯುವುದು ಅದಕ್ಕೆ ಉಲ್ಟಾ. ಸೋಲುತ್ತೇವೆ ಅಂತ ಗೊತ್ತಿರುವ ಸರ್ಕಾರ ಒಂದು ದಿನವನ್ನೂ ಬಿಟ್ಟುಕೊಡುವುದಿಲ್ಲ. ಕನ್ಸರ್ವೇಟಿವ್ ಪಕ್ಷದ ಪ್ರಧಾನಿಯಾಗಿದ್ದ ಜಾನ್ ಮೇಜರ್ ಅವರನ್ನೇ ನೋಡಿ. 1992ರ ಏಪ್ರಿಲ್‌ನಲ್ಲಿ ಗೆದ್ದರು. ಅದೇ ಸೆಪ್ಟೆಂಬರ್ 16ರಂದು ಪೌಂಡ್ ಕುಸಿಯಿತು, ಪಕ್ಷದ ಹೆಸರೂ ಅದರ ಜೊತೆ ಹೋಯಿತು. ಆದರೂ 1997ರ ಮೇ 1ರವರೆಗೆ ಎಳೆದರು. ಸಿಕ್ಕಿದ್ದು 165 ಸೀಟು. ಲೇಬರ್‌ನ ಗಾರ್ಡನ್ ಬ್ರೌನ್ 2007ರ ಶರತ್ಕಾಲದಲ್ಲಿ, ಪ್ರಧಾನಿಯಾದ ಹೊಸದರಲ್ಲಿ, ಕರೆಯುತ್ತಾರೆ ಅಂತ ಎಲ್ಲರೂ ಕಾಯುತ್ತಿದ್ದರು. ಅವರು ಹಿಂದೆ ಸರಿದರು. ಕೊನೆಗೆ 2010ರ ಮೇವರೆಗೆ ಕಾದು ಸೋತರು.

ಕಾಯುವುದೂ ಕೈಕೊಡಬಹುದು. ಆಗಿನ ಲೇಬರ್ ಪ್ರಧಾನಿ ಕ್ಯಾಲಹನ್ 1978ರ ಸೆಪ್ಟೆಂಬರ್‌ನಲ್ಲಿ ಈ ವರ್ಷ ಚುನಾವಣೆ ಇಲ್ಲ ಅಂದರು. ಆ ಚಳಿಗಾಲ ಪೂರ್ತಿ ಮುಷ್ಕರ. ಬೀದಿಯಲ್ಲಿ ಕಸದ ರಾಶಿ, ಲಿವರ್‌ಪೂಲ್‌ನಲ್ಲಿ ಹೆಣ ಹೂಳುವವರೂ ಕೆಲಸ ನಿಲ್ಲಿಸಿದರು. 1979ರ ಮಾರ್ಚ್ 28ರಂದು ಅವಿಶ್ವಾಸ ನಿರ್ಣಯದಲ್ಲಿ 311ಕ್ಕೆ 310, ಒಂದೇ ಒಂದು ಮತದಿಂದ ಸರ್ಕಾರ ಬಿತ್ತು. ಮೇನಲ್ಲಿ ಥ್ಯಾಚರ್ ಬಂದರು.

ಹಾಗಾದರೆ ಲೇಬರ್‌ಗಿಂತ ಮುಂಚೆ ಪ್ರಧಾನಿಯಾಗಿದ್ದ ಕನ್ಸರ್ವೇಟಿವ್ ಪಕ್ಷದ ರಿಷಿ ಸುನಕ್ ಯಾಕೆ ಬೇಗ ಕರೆದರು ಅಂತ ನೀವು ಕೇಳಬಹುದು. ಒಳ್ಳೆಯ ಪ್ರಶ್ನೆ, ನನಗೆ ಇಡೀ ವಿಷಯದಲ್ಲಿ ಮುಖ್ಯ ಅನ್ನಿಸುವುದೂ ಇದೇ. ನಮ್ಮ ಬೆಂಗಳೂರಿನ ಅಳಿಯನಿಗೆ 2025ರ ಜನವರಿ ಕೊನೆಯವರೆಗೂ ಸಮಯ ಇತ್ತು. ನವೆಂಬರ್‌ನಲ್ಲಿ ಅಂತ ಬಹಳ ಜನ ಅಂದುಕೊಂಡಿದ್ದರು. 2024ರ ಮೇ 22ರ ಬೆಳಿಗ್ಗೆ ಹಣದುಬ್ಬರ 2.3%ಕ್ಕೆ ಇಳಿದಿದೆ ಅಂತ ಸುದ್ದಿ ಬಂತು. ಸಂಜೆ ಅವರು ಮನೆ ಮುಂದೆ ಕೊಡೆಯಿಲ್ಲದೆ ಮಳೆಯಲ್ಲಿ ನಿಂತು ಜುಲೈ 4 ಅಂದರು. ಅವರ ಪಕ್ಷದ ಸಂಸದರೇ ಬೆಚ್ಚಿಬಿದ್ದರು.

ಕಾದರೆ ಇನ್ನೂ ಕೆಡುತ್ತದೆ ಅಂತ ಅವರು ಲೆಕ್ಕ ಹಾಕಿದ್ದರು ಅಂತ ನಾನು ನಂಬುತ್ತೇನೆ. ಇದು ಅರ್ಥ ಆಗಬೇಕಾದರೆ ಇಲ್ಲಿನ ಮನೆ ಸಾಲ ಗೊತ್ತಿರಬೇಕು. ಇಲ್ಲಿ ಬಡ್ಡಿ ದರವನ್ನು ಸಾಮಾನ್ಯವಾಗಿ ಎರಡು ಅಥವಾ ಐದು ವರ್ಷಕ್ಕೆ ಕಟ್ಟಿಹಾಕುತ್ತಾರೆ. ಅದು ಮುಗಿದ ಮೇಲೆ ಹೊಸ ದರ. 2021ರ ಕೊನೆಯವರೆಗೂ ಇಲ್ಲಿನ ಕೇಂದ್ರ ಬ್ಯಾಂಕ್ ಆದ ಬ್ಯಾಂಕ್ ಆಫ್ ಇಂಗ್ಲೆಂಡ್ ದರ 0.1% ಇತ್ತು. 2023ರ ಆಗಸ್ಟ್‌ಗೆ ಅದು 5.25% ಆಯಿತು. 25 ವರ್ಷಕ್ಕೆ ಎರಡು ಲಕ್ಷ ಪೌಂಡ್ ಸಾಲ ಅಂತ ಇಟ್ಟುಕೊಳ್ಳಿ. ಒಂದೂವರೆ ಪರ್ಸೆಂಟ್‌ನಲ್ಲಿ ತಿಂಗಳ ಕಂತು ಸುಮಾರು 800 ಪೌಂಡ್. ಐದೂವರೆ ಆದರೆ 1,228. ಹತ್ತಿರ ಹತ್ತಿರ 430 ಪೌಂಡ್ ಜಾಸ್ತಿ, ಪ್ರತಿ ತಿಂಗಳು. ನನಗೂ ಬ್ಯಾಂಕಿನಿಂದ ಅಂಥ ಪತ್ರ ಬಂತು. ಅದನ್ನು ಹಿಡಿದು ಅಡುಗೆಮನೆ ಮೇಜಿನ ಹತ್ತಿರ ಕೂತು, ಯಾವ ಖರ್ಚು ಬಿಡೋಣ ಅಂತ ಮನೆಯವಳ ಜೊತೆ ಲೆಕ್ಕ ಹಾಕಿದ್ದು ನನಗೆ ಚೆನ್ನಾಗಿ ನೆನಪಿದೆ. ಇಂಥ ಪತ್ರ ಪ್ರತಿ ತಿಂಗಳೂ ಸಾವಿರಾರು ಮನೆಗೆ ಹೋಗುತ್ತಿತ್ತು. ಸರ್ಕಾರ ಒಂದು ತಿಂಗಳು ಕಾದರೆ ಸಿಟ್ಟಾದ ಮತದಾರರು ಅಷ್ಟು ಮಂದಿ ಹೆಚ್ಚು. ಹಣದುಬ್ಬರ ಇಳಿದ ಸುದ್ದಿ ಹಳೆಯದಾಗುವ ಮುಂಚೆ ಹೊರಡೋಣ ಅಂತ ಅವರು ಹೊರಟರು. ಆದರೂ ಪಕ್ಷ 121 ಸೀಟಿಗೆ ಇಳಿಯಿತು.

ಕರ್ನಾಟಕದಲ್ಲಿ ಎಸ್.ಎಂ. ಕೃಷ್ಣ 2004ರಲ್ಲಿ ಅವಧಿಗೆ ಮುಂಚೆಯೇ ವಿಧಾನಸಭೆ ವಿಸರ್ಜಿಸಿ ಲೋಕಸಭೆ ಜೊತೆ ಚುನಾವಣೆಗೆ ಹೋದದ್ದು ನಿಮಗೆ ನೆನಪಿರಬಹುದು, ಅಥವಾ ಮನೆಯ ಹಿರಿಯರಿಗೆ ನೆನಪಿರುತ್ತದೆ. ಬರಗಾಲದ ವರ್ಷಗಳು ಅವು. ಕಾಂಗ್ರೆಸ್ 65ಕ್ಕೆ ಬಂದು ನಿಂತಿತು. ಬೇಗ ಹೋದ ಮಾತ್ರಕ್ಕೆ ಜನ ಮರೆಯುವುದಿಲ್ಲ, ಅಲ್ವಾ?

ಈಗ ಲೇಬರ್‌ಗೆ ಬರೋಣ. ಸಿಟ್ಟಿಗೆ ಕಾರಣ ಇದೆ. ಗೆದ್ದು ತಿಂಗಳೂ ಕಳೆಯುವ ಮುಂಚೆ, ವಯಸ್ಸಾದವರಿಗೆ ಚಳಿಗಾಲದಲ್ಲಿ ಮನೆ ಬೆಚ್ಚಗಿಡಲು ಕೊಡುತ್ತಿದ್ದ ಹಣಕ್ಕೆ ಕತ್ತರಿ ಹಾಕಿದರು. ಮರುವರ್ಷ ಬಹುಪಾಲು ವಾಪಸ್ ಕೊಟ್ಟರು, ಆದರೆ ಆಗಿದ್ದು ಆಗಿಹೋಗಿತ್ತು. ನನಗೆ ಅದು ತುಂಬಾ ಬೇಸರ ತಂದ ನಿರ್ಧಾರ. 2025ರ ಮೇನಲ್ಲಿ ಲೇಬರ್ ಕೈಲಿದ್ದ ರನ್‌ಕಾರ್ನ್ ಕ್ಷೇತ್ರದ ಉಪಚುನಾವಣೆಯನ್ನು, ವಲಸೆಯನ್ನು ವಿರೋಧಿಸುವ ರಿಫಾರ್ಮ್ ಪಕ್ಷ ಕೇವಲ 6 ಮತದಿಂದ ಗೆದ್ದಿತು. ಅದಕ್ಕೂ ಮುಂಚೆಯೇ, ಇಡೀ ದೇಶಕ್ಕೆ ಮತ್ತೆ ಚುನಾವಣೆ ಮಾಡಿ ಅಂತ ಸಂಸತ್ತಿನ ವೆಬ್‌ಸೈಟಿನಲ್ಲಿ ಸುಮಾರು 30 ಲಕ್ಷ ಜನ ಸಹಿ ಹಾಕಿದರು. 2025ರ ಜನವರಿಯಲ್ಲಿ ಅದರ ಮೇಲೆ ಚರ್ಚೆ ಆಯಿತು, ಅಲ್ಲಿಗೆ ಮುಗಿಯಿತು. ಸಹಿಯಿಂದ ಸರ್ಕಾರ ಬೀಳುವುದಿಲ್ಲ. ಬೀಳಿಸಬೇಕಾದವರು ಸಂಸದರು.

ಆ ಸಂಸದರು ಯಾರು ನೋಡಿ. 2024ರಲ್ಲಿ ಲೇಬರ್ 34%ಕ್ಕಿಂತ ಕಡಿಮೆ ಮತಕ್ಕೆ 411 ಸೀಟು ಗೆದ್ದಿತು. ಅಂದರೆ ಎಷ್ಟೋ ಕಡೆ ಗೆಲುವಿನ ಅಂತರ ತೆಳು. ಅರ್ಧಕ್ಕಿಂತ ಜಾಸ್ತಿ ಮಂದಿ ಮೊದಲ ಸಲ ಗೆದ್ದವರು. ನಾಳೆ ಚುನಾವಣೆ ಬಂದರೆ ಇವರಲ್ಲಿ ಬಹಳ ಜನಕ್ಕೆ ಕೆಲಸ ಇರುವುದಿಲ್ಲ. ಅವರು ತಮ್ಮ ಸರ್ಕಾರವನ್ನು ತಾವೇ ಬೀಳಿಸುತ್ತಾರಾ? ಜನರ ಒತ್ತಡ ತಡೆಯಲಾಗದಿದ್ದರೆ ನಾಯಕನನ್ನು ಬದಲಿಸುತ್ತಾರೆ. ಅದಕ್ಕೆ ಚುನಾವಣೆ ಬೇಕಿಲ್ಲ. 2019ರಿಂದ 2024ರ ನಡುವೆ ಕನ್ಸರ್ವೇಟಿವ್‌ಗಳು ಒಂದೇ ಗೆಲುವಿನ ಮೇಲೆ ಮೂವರು ಪ್ರಧಾನಿಗಳನ್ನು ನಡೆಸಿದರು.

ನಾಯಕ ಬದಲಾದಾಗ ಮಾತ್ರ ಎಚ್ಚರದಿಂದ ಗಮನಿಸಿ. ಹೊಸಬರಿಗೆ ಮೊದಲ ಕೆಲವು ತಿಂಗಳು ಜನ ಒಲಿದರೆ, ಬ್ರೌನ್ ಬಿಟ್ಟ ಅವಕಾಶವನ್ನು ಅವರು ಹಿಡಿಯಬಹುದು. ಅದು ಬಿಟ್ಟರೆ 2028ರ ಶರತ್ಕಾಲ ಒಂದು ಸಾಧ್ಯತೆ, ಬಡ್ಡಿ ಮತ್ತು ಬೆಲೆ ಎರಡೂ ಇಳಿದಿದ್ದರೆ. ಇಲ್ಲವಾದರೆ 2029ರ ಮೇ. ಮೇ ಮೊದಲ ಗುರುವಾರ ಹೇಗೂ ಸ್ಥಳೀಯ ಚುನಾವಣೆ ಇರುತ್ತದೆ. ಆ ವರ್ಷ ಅದು ಮೇ 3. ಸ್ಥಳೀಯ ಚುನಾವಣೆಯಲ್ಲಿ ಸೋತು, ಆ ಮುಖ ಹೊತ್ತು ಮುಂದಿನ ತಿಂಗಳು ಮತ್ತೆ ಜನರ ಮುಂದೆ ಹೋಗುವುದಕ್ಕಿಂತ ಎರಡನ್ನೂ ಒಂದೇ ದಿನ ಇಡುವುದು ಪಕ್ಷಕ್ಕೆ ಮೇಲು.

ಇನ್ನು ನಿಮಗೆ ಹೇಳಬೇಕಾದ್ದು. ಭಾರತ ಕಾಮನ್‌ವೆಲ್ತ್ ದೇಶ. ಹಾಗಾಗಿ ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ, ವಿದ್ಯಾರ್ಥಿ ವೀಸಾದಲ್ಲಿ ಇದ್ದರೂ, ನೀವು ಇಲ್ಲಿ ಸಂಸತ್ ಚುನಾವಣೆಯಲ್ಲಿ ಮತ ಹಾಕಬಹುದು. ನಮ್ಮ ಹುಡುಗರಲ್ಲಿ ಎಷ್ಟೋ ಮಂದಿಗೆ ಇದು ಗೊತ್ತೇ ಇಲ್ಲ. ಹೆಸರನ್ನು ಆನ್‌ಲೈನ್‌ನಲ್ಲೇ ಸೇರಿಸಬಹುದು, ಮತಗಟ್ಟೆಯಲ್ಲಿ ಗುರುತಿಗೆ ಪಾಸ್‌ಪೋರ್ಟ್ ತೋರಿಸಿದರೆ ಸಾಕು. ಆದರೆ ಮತದಾನಕ್ಕೆ 12 ಕೆಲಸದ ದಿನ ಮುಂಚೆ ಪಟ್ಟಿ ಮುಚ್ಚುತ್ತದೆ. ಸುನಕ್ ಘೋಷಿಸಿದ ಮೇಲೆ ಹೆಸರು ಸೇರಿಸಲು ಸಿಕ್ಕಿದ್ದು ನಾಲ್ಕು ವಾರಕ್ಕೂ ಕಡಿಮೆ. ನನ್ನ ಊಹೆ ನಂಬಿಕೊಂಡು 2029ರವರೆಗೆ ಕಾಯಬೇಡಿ, ಈ ವಾರವೇ ಹೆಸರು ಸೇರಿಸಿ. ಮನೆ ಬದಲಿಸಿದಾಗ ಹೊಸ ವಿಳಾಸಕ್ಕೆ ಮತ್ತೆ ನೋಂದಾಯಿಸಬೇಕು.