4 ಜಿಬಿ ರ್ಯಾಮ್‌ನ ಹಳೆಯ ಲ್ಯಾಪ್‌ಟಾಪ್ ಇದೆ, ಮೊದಲು ಯಾವ ಲಿನಕ್ಸ್ ಕಲಿಯಲಿ?

ಚಿತ್ರದುರ್ಗದಲ್ಲಿ ಡಿಪ್ಲೊಮಾ ಓದುತ್ತಿದ್ದೀರಿ, ಅಣ್ಣನ ಹಳೆಯ ಲ್ಯಾಪ್‌ಟಾಪ್ ಕೈಗೆ ಬಂದಿದೆ, ಉಬುಂಟು, ಆರ್ಚ್, ಲಿನಕ್ಸ್ ಅಲ್ಲದಿದ್ದರೂ ಅದರಂತೆಯೇ ಇರುವ ಫ್ರೀಬಿಎಸ್‌ಡಿ ಇವುಗಳಲ್ಲಿ ಯಾವುದರಿಂದ ಶುರು ಮಾಡಲಿ ಅಂತ ಕೇಳಿದ್ದೀರಿ. ಮೂರೂ ಬೇಡ. ಡೆಬಿಯನ್ ಅನ್ನುವ ಲಿನಕ್ಸ್ ಹಾಕಿಕೊಳ್ಳಿ, ಡೆಸ್ಕ್‌ಟಾಪ್‌ಗೆ ಕಡಿಮೆ ರ್ಯಾಮ್ ಸಾಕಾಗುವ ಎಕ್ಸ್‌ಎಫ್‌ಸಿಇ ಆರಿಸಿ. ಆಮೇಲೆ ಒಂದು ವರ್ಷ ಅದನ್ನು ಬದಲಾಯಿಸಬೇಡಿ.

ಕೊನೆಯ ಮಾತೇ ಮುಖ್ಯ. ದಾವಣಗೆರೆಯಲ್ಲಿ ಕಾಲೇಜಿಗೆ ಸೇರಿದ ವರ್ಷ ನಾನು ತಿಂಗಳಿಗೊಂದು ಲಿನಕ್ಸ್ ಹಾಕಿ ತೆಗೆದೆ. ವರ್ಷ ಮುಗಿಯುವ ಹೊತ್ತಿಗೆ ಇನ್‌ಸ್ಟಾಲ್ ಮಾಡುವುದು ಮಾತ್ರ ಬರುತ್ತಿತ್ತು. ಫೈಲಿನ ಪರ್ಮಿಶನ್ ಓದಲು ಬರುತ್ತಿರಲಿಲ್ಲ.

ಡೆಬಿಯನ್ 1993ರಿಂದ ಇದೆ, ಸ್ವಯಂಸೇವಕರೇ ನಡೆಸುತ್ತಾರೆ. ಹೊಸ ಸ್ಟೇಬಲ್ ಆವೃತ್ತಿ ಬರುವುದು ಸುಮಾರು ಎರಡು ವರ್ಷಕ್ಕೊಮ್ಮೆ. ನಡುವೆ ಬರುವುದು ಹೆಚ್ಚಾಗಿ ಭದ್ರತೆಯ ತಿದ್ದುಪಡಿ ಮಾತ್ರ. ಹಾಗಾಗಿ ಇವತ್ತು ಕಲಿತದ್ದು ಆರು ತಿಂಗಳಾದರೂ ಹಾಗೇ ಇರುತ್ತದೆ. ಕಲಿಯುವವರಿಗೆ ಇದು ತುಂಬಾ ದೊಡ್ಡ ಅನುಕೂಲ. 2004ರಲ್ಲಿ ಬಂದ ಉಬುಂಟು ಕೂಡ ಡೆಬಿಯನ್‌ನಿಂದಲೇ ಹುಟ್ಟಿದ್ದು. ಆದರೆ ಅದರ ಮಾಮೂಲಿ ಡೆಸ್ಕ್‌ಟಾಪ್ ಮೇಲೆ ಬ್ರೌಸರ್ ತೆರೆದರೆ 4 ಜಿಬಿ ಸಾಲದೆ ನಿಧಾನವಾಗಬಹುದು. ಆರ್ಚ್ ಎರಡನೇ ವರ್ಷಕ್ಕೆ ಇರಲಿ, ಅದರ ವಿಕಿಯನ್ನು ಮಾತ್ರ ಈಗಿನಿಂದಲೇ ಓದಿ. ಫ್ರೀಬಿಎಸ್‌ಡಿಯ ಹ್ಯಾಂಡ್‌ಬುಕ್ ನನಗೆ ತುಂಬಾ ಇಷ್ಟ, ಆದರೆ ಲ್ಯಾಪ್‌ಟಾಪಿನ ವೈಫೈ ಅದರಲ್ಲಿ ಕೈಕೊಡುವುದು ಜಾಸ್ತಿ.

ಹಾಕಿಕೊಂಡ ಮೇಲೆ ಏನು ಕಲಿಯಬೇಕು? ಪೈಪ್, ಅಂದರೆ ಒಂದು ಕಮಾಂಡ್ ಕೊಟ್ಟದ್ದನ್ನು ನೇರ ಇನ್ನೊಂದಕ್ಕೆ ಕಳಿಸುವುದು. ನಮ್ಮ ಮಾವ ಎಪಿಎಂಸಿಯಲ್ಲಿ ಮೆಕ್ಕೆಜೋಳದ ದಲಾಲಿ ಮಾಡುತ್ತಾರೆ. ಸೀಸನ್ನಿನ ಲೆಕ್ಕವೆಲ್ಲ ಒಂದೇ ಫೈಲಿನಲ್ಲಿತ್ತು: ದಿನಾಂಕ, ಊರು, ಚೀಲ. ಯಾವ ಊರಿಂದ ಎಷ್ಟು ಲೋಡ್ ಬಂದಿದೆ ಅಂತ ಕೇಳಿದರು. 'ಕಟ್' ಕಮಾಂಡ್ ಊರಿನ ಕಾಲಂ ಮಾತ್ರ ತೆಗೆದುಕೊಟ್ಟಿತು, ಅದನ್ನು ಒಂದೇ ತರಹದ ಸಾಲುಗಳನ್ನು ಸೇರಿಸಿ ಎಣಿಸುವ 'ಯುನಿಕ್'ಗೆ (uniq) ಕೊಟ್ಟೆ. ಜಗಳೂರು ನಾಲ್ಕು ಕಡೆ ಬಂತು! ಯುನಿಕ್ ಅಕ್ಕಪಕ್ಕದ ಸಾಲುಗಳನ್ನಷ್ಟೇ ಹೋಲಿಸುತ್ತದೆ, ಅಲ್ವಾ. ನಡುವೆ 'ಸಾರ್ಟ್' ಸೇರಿಸಿದೆ, ಒಂದೇ ಊರಿನ ಸಾಲುಗಳೆಲ್ಲ ಒಟ್ಟಿಗೆ ಬಂದವು, ಲೆಕ್ಕ ಸರಿಹೋಯಿತು. ಲಿನಕ್ಸ್‌ಗೆ ಮಾದರಿಯಾದ ಹಳೆಯ ಯುನಿಕ್ಸ್ ಅಂದರೆ ಏನು ಅಂತ ನನಗೆ ಗೊತ್ತಾಗಿದ್ದು ಆವತ್ತು. ಒಂದೊಂದು ಪ್ರೋಗ್ರಾಂ ಒಂದೊಂದು ಸಣ್ಣ ಕೆಲಸ ಮಾಡುತ್ತದೆ, ಜೋಡಿಸುವುದು ನಮ್ಮ ಕೆಲಸ. ಡಗ್ ಮೆಕಿಲ್‌ರಾಯ್ ಯೋಚಿಸಿದ ಈ ಪೈಪನ್ನು ಕೆನ್ ಥಾಂಪ್ಸನ್ 1973ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಯುನಿಕ್ಸ್‌ಗೆ ಸೇರಿಸಿದರು. ಅದೇ ಕಮಾಂಡ್ ಸಾಲು ಇವತ್ತು ಆರ್ಚ್‌ನಲ್ಲೂ ಫ್ರೀಬಿಎಸ್‌ಡಿಯಲ್ಲೂ ಮ್ಯಾಕ್‌ನಲ್ಲೂ ನಡೆಯುತ್ತದೆ. ಡೆಬಿಯನ್‌ನಲ್ಲಿ ಕಲಿತದ್ದು ಎಲ್ಲೂ ವ್ಯರ್ಥ ಆಗುವುದಿಲ್ಲ. ಕಮಾಂಡ್ ಮರೆತರೆ 'ಮ್ಯಾನ್' (man) ಅಂತ ಹೊಡೆದು ಅದರ ಹೆಸರು ಕೊಡಿ, ಮೊದಲು ಅಲ್ಲೇ ಓದಿ.

ಡೌನ್‌ಲೋಡ್ ಮಾಡುವಾಗ ಇಂಟೆಲ್ ಪ್ರೊಸೆಸರ್ ಇದ್ದರೂ ಎಎಮ್‌ಡಿ64 ಅಂತ ಇರುವುದನ್ನೇ ತೆಗೆದುಕೊಳ್ಳಿ, 64 ಬಿಟ್‌ನ ಎಲ್ಲ ಇಂಟೆಲ್ ಲ್ಯಾಪ್‌ಟಾಪ್‌ಗೂ ಅದೇ. ಮೊದಲು ಎಕ್ಸ್‌ಎಫ್‌ಸಿಇ ಇರುವ ಲೈವ್ ಇಮೇಜನ್ನು (ಇನ್‌ಸ್ಟಾಲ್ ಮಾಡದೆಯೇ ನಡೆಸಿ ನೋಡಬಹುದಾದದ್ದು) ಪೆನ್‌ಡ್ರೈವ್‌ಗೆ ಹಾಕಿ ಬೂಟ್ ಮಾಡಿ. ವೈಫೈ, ಸೌಂಡ್, ಟಚ್‌ಪ್ಯಾಡ್ ಮೂರೂ ನಡೆಯುತ್ತಾ ನೋಡಿ. ಇನ್‌ಸ್ಟಾಲ್ ಒತ್ತುವ ಮೊದಲು ಅಣ್ಣನನ್ನು ಒಂದು ಮಾತು ಕೇಳಿ, ಅವರ ಫೋಟೊ, ಫೈಲುಗಳನ್ನೆಲ್ಲ ಬೇರೆ ಕಡೆ ಕಾಪಿ ಮಾಡಿ, ಅಲ್ಲಿಂದ ತೆರೆದೂ ನೋಡಿಕೊಳ್ಳಿ.